ಹಳೆ ಪೆಟ್ರೋಲ್ ಪಂಪಿನಲ್ಲಿ ಕಚ್ಚಿಕೊಂಡ ಭಾಗಗಳನ್ನು ಮುರಿಯದೆ ಬಿಡಿಸುವುದು

ಐವತ್ತು ಅರವತ್ತು ವರ್ಷ ಮಳೆ ಬಿಸಿಲಿಗೆ ನಿಂತ ಪೆಟ್ರೋಲ್ ಪಂಪನ್ನು ಬಿಚ್ಚಲು ಹೊರಟವರು ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಬೇಕು: ಈ ಜೋಡಣೆಯಲ್ಲಿ ಉಳಿಯಲೇಬೇಕಾದ್ದು ಯಾವುದು, ಹಾಳಾದರೂ ನಡೆಯುವುದು ಯಾವುದು? ಕಾಲಿಂಚಿನ ಸ್ಕ್ರೂ ಎಲ್ಲಿ ಬೇಕಾದರೂ ಸಿಗುತ್ತದೆ. ಅದು ಕೂತಿರುವ ಸತುವಿನ ಎರಕದ ಅಂಚುಪಟ್ಟಿ, ಲೆಕ್ಕದ ಯಂತ್ರದ ಚೌಕಟ್ಟು, ಬೀಡು ಕಬ್ಬಿಣದ ಪಂಪ್ ಬಾಡಿ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಸ್ಕ್ರೂ ಹೋದರೆ ಹೋಗಲಿ, ಎರಕ ಉಳಿಯಲಿ ಎಂದುಕೊಂಡೇ ಕೆಲಸಕ್ಕೆ ಇಳಿಯಿರಿ. ಎರಡನೆಯ ಪ್ರಶ್ನೆ, ಯಾವ ಲೋಹ ಯಾವ ಲೋಹಕ್ಕೆ ಕಚ್ಚಿದೆ? ಉಕ್ಕಿಗೆ ಉಕ್ಕು ಕಚ್ಚಿದ್ದಾಗ ಕೊಡುವ ಮದ್ದು ಸತುವಿನ ಎರಕದ ಪಾಲಿಗೆ ವಿಷ. ಮುರಿದ ಭಾಗಗಳಲ್ಲಿ ಹೆಚ್ಚಿನವು ಮುರಿಯುವುದು ತುಕ್ಕಿನ ಬಲದಿಂದಲ್ಲ, ಈ ಎರಡು ಪ್ರಶ್ನೆ ಕೇಳದೆ ಕೈಹಾಕಿದ್ದರಿಂದ.

ಅಮೆರಿಕದ ಹಳೆ ಪಂಪುಗಳನ್ನು ಮೂರು ಗುಂಪು ಮಾಡಬಹುದು. ಕೈಲಿವರಿನಿಂದ ಮೇಲಿನ ಗಾಜಿನ ಸಿಲಿಂಡರಿಗೆ ಪೆಟ್ರೋಲ್ ಏರಿಸಿ ಅಲ್ಲಿಂದ ತಾನಾಗಿ ಇಳಿಯಬಿಡುವ ಗಾಜಿನ ಪಂಪುಗಳು ಮೊದಲನೆಯವು. ಗಡಿಯಾರದಂಥ ಮುಖವೂ ಮುಳ್ಳೂ ಇರುವವು ಎರಡನೆಯವು. 1930ರ ದಶಕದಲ್ಲಿ ಬಂದ, ಗ್ಯಾಲನ್ ಮತ್ತು ಹಣ ಎರಡನ್ನೂ ಅಂಕಿಚಕ್ರಗಳಲ್ಲಿ ತೋರಿಸುವ ಯಾಂತ್ರಿಕ ಕಂಪ್ಯೂಟರ್ ಪಂಪುಗಳು ಮೂರನೆಯವು. ತಯಾರಿಸಿದ ಕಂಪನಿ ವೇನ್, ಟೋಕೈಮ್, ಗಿಲ್ಬಾರ್ಕೊ, ಬೆನೆಟ್ ಯಾವುದೇ ಆಗಲಿ, ಕಚ್ಚಿಕೊಳ್ಳುವ ಜಾಗಗಳು ಹೆಚ್ಚುಕಡಿಮೆ ಅವೇ.

ತುಕ್ಕಿಗೆ ಮೊದಲು ಪೆಟ್ರೋಲು

ದಶಕಗಳಿಂದ ಒಣಗಿ ನಿಂತಂತೆ ಕಾಣುವ ಪಂಪಿನೊಳಗೂ ಪೆಟ್ರೋಲ್ ಉಳಿದಿರಬಹುದು. ಮೀಟರಿನ ತಳ, ಗಾಳಿ ಬೇರ್ಪಡಿಸುವ ಡಬ್ಬಿ, ಪಂಪ್ ಬಾಡಿ, ಹೋಸಿನ ಬಾಗು ಇವು ಅದು ಅಡಗುವ ಜಾಗ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಆದ್ದರಿಂದ ಅದು ಮೇಲೇರದೆ ಪಂಪಿನ ಬುಡದಲ್ಲೇ ಕೂರುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಬೆರೆತರೆ ಸಾಕು, ಕಿಡಿಗೆ ಹತ್ತಿಕೊಳ್ಳುತ್ತದೆ. ತಳದ ಎಲ್ಲ ಪ್ಲಗ್ಗುಗಳನ್ನೂ ತೆಗೆದು ಬಸಿಯಿರಿ. ಆಮೇಲೆ ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರನ್ನು ಒಳಗೆ ತುಂಬಿ, ಅಲುಗಾಡಿಸಿ, ಚೆಲ್ಲಿ. ಮೂರು ಸಲ ಹೀಗೆ ಮಾಡಿ, ಬಾಯಿಗಳನ್ನು ತೆರೆದಿಟ್ಟು ಕೆಲವು ದಿನ ಬಯಲಿನಲ್ಲಿ ಬಿಡಿ. ಆವಿ ಪತ್ತೆಮಾಡುವ ಸಣ್ಣ ಉಪಕರಣವೊಂದು ಕೈಯಲ್ಲಿದ್ದರೆ ಮೂಗನ್ನು ನಂಬುವ ಪ್ರಮೇಯ ಬರುವುದಿಲ್ಲ. ಇಷ್ಟು ಆಗುವವರೆಗೆ ಬೆಂಕಿ, ಗ್ರೈಂಡರ್, ಸಾಮಾನ್ಯ ವಿದ್ಯುತ್ ಡ್ರಿಲ್ ಹತ್ತಿರ ಬರಬಾರದು.

ಗಾಳಿ ಬೇರ್ಪಡಿಸುವ ಡಬ್ಬಿಯೊಳಗಿನ ಟೊಳ್ಳು ತೇಲುಗುಂಡಿನ ಮೇಲೆ ವಿಶೇಷ ಗಮನವಿರಲಿ. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ವರ್ಷಗಳಲ್ಲಿ ಒಳಗೆ ಪೆಟ್ರೋಲ್ ಇಳಿದಿರುತ್ತದೆ. ಕಿವಿಯ ಬಳಿ ಹಿಡಿದು ಅಲುಗಾಡಿಸಿ. ಕುಲುಕುವ ಸದ್ದು ಬಂದರೂ ಸರಿ, ಬರದಿದ್ದರೂ ಸರಿ, ಅದು ಅಂಟಿಕೊಂಡಿರುವ ಜೋಡಣೆಗೆ ಉರಿ ತೋರಿಸಬೇಡಿ. ಮುಚ್ಚಿದ ಟೊಳ್ಳು ಬಿಸಿಯಾದರೆ ಸಿಡಿಯುತ್ತದೆ.

1923ರಿಂದ ದಶಕಗಳ ಕಾಲ ಮಾರಾಟವಾದ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತ ಇತ್ತು, ಹಳೆ ಬಣ್ಣದಲ್ಲೂ ಸೀಸ ಇರುತ್ತದೆ. ಒಳಗಿನ ಒಣ ಪುಡಿಯನ್ನು ಗಾಳಿ ಊದಿ ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಸಿ ಮಾಡುವ ಜಾಗದ ಬಣ್ಣವನ್ನು ಮೊದಲೇ ತೆಗೆದುಬಿಡಿ, ಕೈಗವಸು ಮತ್ತು ಸೂಕ್ಷ್ಮ ಧೂಳು ತಡೆಯುವ ಮುಖವಾಡ ಇರಲಿ. ಶಾಫ್ಟ್ ಸುತ್ತ ತುರುಕಿರುವ ಹುರಿಯಂಥ ಪ್ಯಾಕಿಂಗಿನಲ್ಲಿ ಕಲ್ನಾರು ಇರಬಹುದು. ನೀರಿನಿಂದ ನೆನೆಸಿ, ಕೊಕ್ಕೆಯಿಂದ ಇಡಿಯಾಗಿ ಎಳೆದು, ಚೀಲಕ್ಕೆ ಹಾಕಿ ಕಟ್ಟಿ. ಇನ್ನೊಂದು ಅಪಾಯ ಹಲವರಿಗೆ ಗೊತ್ತಿರುವುದಿಲ್ಲ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಭಾಗವನ್ನು ಕಾಯಿಸಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಕ್ಲೋರಿನ್ ಇಲ್ಲದ ಡಬ್ಬಿಯನ್ನೇ ಕೊಳ್ಳಿ.

ಕಚ್ಚಿದ್ದು ಯಾಕೆ ಎಂದು ನೋಡಿಕೊಳ್ಳಿ

ಕೆಂಪು ಕಂದು ಪುಡಿ ಕಂಡರೆ ಅದು ಉಕ್ಕಿನ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಹಾಗಾಗಿ ಥ್ರೆಡ್ಡಿನ (ಸ್ಕ್ರೂವಿನ ಸುರುಳಿ ಗೀರಿನ) ಸಂದು ಬೆಣೆ ಹೊಡೆದಂತೆ ಬಿಗಿಯುತ್ತದೆ. ಬಿಳಿ ಅಥವಾ ಬೂದು ಪುಡಿ ಕಂಡರೆ ಉಕ್ಕಿನ ಸ್ಕ್ರೂ ಅಲ್ಯೂಮಿನಿಯಮ್ಮಿನಲ್ಲೋ ಸತುವಿನ ಎರಕದಲ್ಲೋ ಕೂತಿದೆ ಎಂದರ್ಥ; ಇಲ್ಲಿ ನೀರು ಸೇರಿದಾಗ ಸವೆದದ್ದು ಸ್ಕ್ರೂ ಅಲ್ಲ, ಎರಕ. ಜೇನುಬಣ್ಣದ, ಉಗುರಿಗೆ ಅಂಟುವ ಪದರ ಕಂಡರೆ ಅದು ಒಣಗಿ ಅಂಟಾದ ಪೆಟ್ರೋಲು ಅಥವಾ ಮುದಿಯಾದ ಗ್ರೀಸು. ಇದಕ್ಕೆ ಬಲವೂ ಬೇಡ, ಬೆಂಕಿಯೂ ಬೇಡ, ಕರಗಿಸುವ ದ್ರವ ಸಾಕು.

ನಾಲ್ಕನೆಯದೂ ಇದೆ: ಕಚ್ಚಿಯೇ ಇಲ್ಲದ್ದು. ರಾಟೆಯ ನಡುಭಾಗದಲ್ಲಿ (ಹಬ್), ಅದನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಒಂದು ಸೆಟ್ ಸ್ಕ್ರೂ ತೆಗೆದ ಮೇಲೆ ಅದೇ ತೂತಿನ ಆಳದಲ್ಲಿ ಇನ್ನೊಂದು ಇರಬಹುದು. ಟಾರ್ಚ್ ಬಿಟ್ಟು ನೋಡದವರು ಎಳೆದು ಕಳಚುವ ಸಾಧನ ಪುಲ್ಲರ್ ಹಾಕಿ ರಾಟೆಯನ್ನು ಸೀಳುತ್ತಾರೆ. ಶಾಫ್ಟಿಗೆ ಲಿವರನ್ನು ಹಿಡಿದಿರುವುದು ಓರೆ ಪಿನ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಇರುವ ಟೇಪರ್ ಪಿನ್) ಆಗಿದ್ದು, ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿರಬಹುದು. ಹಲವು ಕಂಪ್ಯೂಟರ್ ಪಂಪುಗಳಲ್ಲಿ ಮೋಟಾರಿನ ಸ್ವಿಚ್ ಲಿವರ್ ಆಫ್ ಜಾಗದಲ್ಲಿ ಇಲ್ಲದಿದ್ದರೆ ಅಂಕಿಗಳನ್ನು ಸೊನ್ನೆಗೆ ತರುವ ಕೈಹಿಡಿ ತಿರುಗುವುದೇ ಇಲ್ಲ, ಅದನ್ನು ಮಾಡಿರುವುದೇ ಹಾಗೆ. ಎಣ್ಣೆ ಡಬ್ಬಿ ತೆರೆಯುವ ಮೊದಲು ಬಣ್ಣ ಕೆರೆದು, ಕನ್ನಡಿ ಹಿಡಿದು, ಎಲ್ಲ ಕಡೆಯಿಂದ ಫೋಟೋ ತೆಗೆದು ನೋಡಿ.

ಎಣ್ಣೆ, ತಟ್ಟು, ತಾಳ್ಮೆ

ಉಕ್ಕಿಗೆ ಉಕ್ಕು ಕಚ್ಚಿದ್ದರೆ ಥ್ರೆಡ್ಡಿನ ಹೊರಬಾಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಬೆಳ್ಳಗೆ ಮಾಡಿ. ಬಣ್ಣ ಮುಚ್ಚಿರುವ ಸಂದಿಗೆ ಎಷ್ಟು ಎಣ್ಣೆ ಸುರಿದರೂ ಒಳಗೆ ಇಳಿಯುವುದಿಲ್ಲ. ಕ್ರೋಯಿಲ್, ಪಿಬಿ ಬ್ಲಾಸ್ಟರ್, ಲಿಕ್ವಿಡ್ ರೆಂಚ್‌ನಂಥ, ಸಂದಿಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಯಾವುದಾದರೂ ಆದೀತು. ಡಬ್ಲ್ಯುಡಿ-40ರ ಮಾಮೂಲಿ ಡಬ್ಬಿ ಮೂಲತಃ ನೀರು ಹೊರಹಾಕಲು ಮಾಡಿದ್ದು, ಗಟ್ಟಿಯಾಗಿ ಕಚ್ಚಿದ್ದಕ್ಕೆ ಅದನ್ನು ನೆಚ್ಚಬೇಡಿ. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಆಟೋಮ್ಯಾಟಿಕ್ ಗೇರಿನ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿ. ಇವೆರಡೂ ನಿಂತಲ್ಲೇ ಬೇರೆಯಾಗುತ್ತವೆ, ಆದ್ದರಿಂದ ಪ್ರತಿಸಲ ಕುಲುಕಿ ಹಾಕಬೇಕು. ಇದು ಕ್ಷಣದಲ್ಲಿ ಉರಿ ಹಿಡಿಯುವ ದ್ರವ, ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಮೂಲ ಬಣ್ಣ, ಅಂಟಿಸಿದ ಚಿತ್ರಪಟ್ಟಿ, ಅಂಕಿಚಕ್ರ ಇವುಗಳ ಹತ್ತಿರ ಸುಳಿಯಬಾರದು.

ದಿನಕ್ಕೆ ಎರಡು ಸಲ ಕೆಲವೇ ಹನಿ ಹಾಕಿ. ಹಾಕಿದ ಕೂಡಲೇ 250ರಿಂದ 300 ಗ್ರಾಂ ಸುತ್ತಿಗೆಯಿಂದ ಬೋಲ್ಟಿನ ತಲೆಯ ನೆತ್ತಿಗೂ ನಟ್ಟಿನ ಒಂದೊಂದು ಮುಖಕ್ಕೂ ಇಪ್ಪತ್ತು ಮೂವತ್ತು ಹಗುರ ಏಟು ಕೊಡಿ. ಒಂದು ಬಲವಾದ ಏಟಿಗಿಂತ ಹಲವು ಹಗುರ ಏಟು ಹೆಚ್ಚು ಕೆಲಸ ಮಾಡುತ್ತವೆ. ನಡುಕಕ್ಕೆ ತುಕ್ಕಿನ ಪದರ ಬಿರುಕು ಬಿಟ್ಟು ಆ ಬಿರುಕಿನಲ್ಲಿ ಎಣ್ಣೆ ಹರಿಯುತ್ತದೆ. ಬುಡದ ಬೋಲ್ಟುಗಳಿಗೆ ಮೂರು ದಿನ ಕನಿಷ್ಠ, ವಾರ ಹಿಡಿದರೂ ಆಶ್ಚರ್ಯವಿಲ್ಲ. ಬೋಲ್ಟು ಮೇಲ್ಮುಖವಾಗಿದ್ದರೆ ಸುತ್ತ ಜೇಡಿಮಣ್ಣಿನ ಅಥವಾ ಪುಟ್ಟಿಯ ಕಟ್ಟೆ ಕಟ್ಟಿ ಎಣ್ಣೆ ನಿಲ್ಲಿಸಿ.

ತಿರುಗಿಸುವಾಗ ಮೊದಲ ಪ್ರಯತ್ನ ಬಿಗಿಯುವ ಕಡೆಗೆ ಇರಲಿ, ಕೂದಲೆಳೆಯಷ್ಟು ಮಾತ್ರ. ಆಮೇಲೆ ಸಡಿಲಿಸುವ ಕಡೆಗೆ. ಒಂದಿಷ್ಟು ಅಲುಗಿದರೆ ಕಾಲು ಸುತ್ತು ಬಿಚ್ಚಿ, ಅದರ ಅರ್ಧ ಹಿಂದಕ್ಕೆ ಬಿಗಿದು, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಖುಷಿಯಲ್ಲಿ ಒಂದೇ ದಿಕ್ಕಿಗೆ ಎಳೆದರೆ ಒಡೆದ ತುಕ್ಕಿನ ಪುಡಿ ಮುಂದಿನ ಥ್ರೆಡ್ಡಿನಲ್ಲಿ ರಾಶಿಯಾಗಿ ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. ಕೈಗೆ ಬರುವ ಸುಳಿವನ್ನು ಕಲಿಯುವುದೇ ಇಲ್ಲಿನ ವಿದ್ಯೆ: ‘ಟಕ್’ ಎಂದು ಬಿಟ್ಟುಕೊಟ್ಟು, ಆಮೇಲೆ ಕಿರುಗುಟ್ಟುತ್ತಾ ಬಂದರೆ ಸರಿದಾರಿ. ಸದ್ದಿಲ್ಲದೆ ಮೆತ್ತಗೆ, ಹಸಿ ಕಡ್ಡಿ ತಿರುಚಿದಂತೆ ಬರುತ್ತಿದ್ದರೆ ಥ್ರೆಡ್ ಬಿಟ್ಟಿಲ್ಲ, ಬೋಲ್ಟಿನ ಕತ್ತೇ ತಿರುಚಿಕೊಳ್ಳುತ್ತಿದೆ. ಅಲ್ಲಿಗೆ ನಿಲ್ಲಿಸಿ, ಎಣ್ಣೆಗೆ ಹಿಂತಿರುಗಿ ಇಲ್ಲವೇ ಬಿಸಿಗೆ ಹೋಗಿ.

ಪಾನಾ ಆರು ಮುಖದ್ದೇ ಇರಲಿ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ತುಕ್ಕು ತಿಂದ ತಲೆಯನ್ನು ದುಂಡಗೆ ಮಾಡಿಬಿಡುತ್ತದೆ. ಹಳೆ ಪಂಪುಗಳ ಸ್ಕ್ರೂಗಳೆಲ್ಲ ಬಹುಪಾಲು ಒಂದೇ ಗೀರಿನವು. ಮಾಮೂಲಿ ಸ್ಕ್ರೂಡ್ರೈವರಿನ ಮೊನೆ ಬೆಣೆಯಂತಿದ್ದು ತಿರುಗಿಸಿದಾಗ ಗೀರಿನಿಂದ ಮೇಲೇಳುತ್ತದೆ. ಪಕ್ಕಗಳು ಸಮಾನಾಂತರವಾಗಿರುವ, ಗೀರಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರುವ ಮೊನೆ ಬೇಕು. ಗೀರಿನಲ್ಲಿ ಬಣ್ಣ ತುಂಬಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ತಳದವರೆಗೂ ಕೆರೆಯಿರಿ. ಸುತ್ತಿಗೆಯಿಂದ ಹೊಡೆದರೆ ತಿರುಗುವ ಕೈ ಇಂಪ್ಯಾಕ್ಟ್ ಡ್ರೈವರ್ ಉಕ್ಕಿನ ಚೌಕಟ್ಟಿನ ಮೇಲೆ ಅದ್ಭುತ ಸಾಧನ. ಬೀಡು ಕಬ್ಬಿಣ, ಸತುವಿನ ಎರಕ, ಗಾಜು, ಎನಾಮೆಲ್ ಹಲಗೆ ಇರುವ ಕಡೆ ಅದನ್ನು ಪೆಟ್ಟಿಗೆಯಿಂದ ತೆಗೆಯಲೇಬೇಡಿ.

ಬಿಸಿ

ಬಿಸಿಯ ಕೆಲಸ ನಿಂತಿರುವುದು ಹಿಗ್ಗುವಿಕೆಯ ವ್ಯತ್ಯಾಸದ ಮೇಲೆ. 12 ಮಿ.ಮೀ. ತೂತಿನ ಉಕ್ಕಿನ ನಟ್ಟು 150 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ತೂತು ಅಗಲವಾಗುವುದು ಬರೀ 0.02 ಮಿ.ಮೀ. ಅಷ್ಟೇ ಸಾಕು, ತುಕ್ಕಿನ ಪದರ ಬಿರಿಯುತ್ತದೆ. ಆದರೆ ನಟ್ಟಷ್ಟೇ ಕಾಯಬೇಕು, ಬೋಲ್ಟು ತಣ್ಣಗಿರಬೇಕು. ಎರಡೂ ಸಮನಾಗಿ ಕಾದರೆ ಎರಡೂ ಹಿಗ್ಗಿ ಲಾಭ ಶೂನ್ಯ. ಚಿಕ್ಕ ಉರಿಯನ್ನು ನಟ್ಟಿನ ಹೊರಮುಖದ ಸುತ್ತ ಆಡಿಸಿ. ಅರದಿಂದ ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಮುಖ ಹುಲ್ಲಿನ ಹಳದಿಗೆ ತಿರುಗಿದಾಗ ಸುಮಾರು 220 ಡಿಗ್ರಿ ಮುಟ್ಟಿರುತ್ತದೆ, ನೀಲಿಯಾದಾಗ 300ರ ಹತ್ತಿರ. ಹಳದಿ ಬಂದರೆ ಸಾಕು. ಉರಿ ಬೇಡವೆನ್ನುವವರಿಗೆ ನಟ್ಟಿನ ಸುತ್ತ ಸುರುಳಿ ತೊಡಿಸುವ ಇಂಡಕ್ಷನ್ ಹೀಟರ್ ಇದೆ, ಅಕ್ಕಪಕ್ಕದ ಬಣ್ಣ ಹೆಚ್ಚು ಉಳಿಯುತ್ತದೆ. ಆದರೆ ಕಾದ ಲೋಹವೇ ಪೆಟ್ರೋಲ್ ಆವಿಯನ್ನು ಹೊತ್ತಿಸಬಲ್ಲದು, ಹಾಗಾಗಿ ಮೊದಲು ಹೇಳಿದ ತೊಳೆತ ಇಲ್ಲೂ ತಪ್ಪುವುದಿಲ್ಲ.

ಬಿಸಿಯ ಜೊತೆಗೆ ಮೇಣ. ನಟ್ಟು ಕಾದ ಮೇಲೆ ಉರಿ ಪಕ್ಕಕ್ಕಿಟ್ಟು, ಸಾದಾ ಮೇಣದಬತ್ತಿಯ ತುದಿಯನ್ನು ಥ್ರೆಡ್ಡಿನ ಬಾಯಿಗೆ ಒತ್ತಿ. ಕರಗಿದ ಮೇಣವನ್ನು ಸಂದು ತಾನಾಗಿ ಒಳಗೆ ಹೀರುತ್ತದೆ. ಹೊಗೆಯೆದ್ದರೆ ಇನ್ನೂ ಹೆಚ್ಚು ಬಿಸಿಯಿದೆ ಎಂದರ್ಥ, ಒಂದಿಷ್ಟು ಕಾಯಿರಿ. ಎರಡು ಮೂರು ಸುತ್ತು ಕಾಯಿಸಿ ಆರಿಸಿ ಮೇಣ ಕೊಟ್ಟ ಮೇಲೆ ಬರದ ಬೋಲ್ಟು ಕಡಿಮೆ. ಪೆನೆಟ್ರೇಟಿಂಗ್ ಆಯಿಲ್ ಹಾಕಿದ್ದ ಭಾಗವಾದರೆ ಉರಿ ತೋರಿಸುವ ಮೊದಲು ಒರೆಸಿ ಒಣಗಿಸಿ, ಇಲ್ಲದಿದ್ದರೆ ಅದೇ ಹೊತ್ತಿಕೊಳ್ಳುತ್ತದೆ.

ಬೀಡು ಕಬ್ಬಿಣ ಬಿಸಿಯನ್ನು ತಾಳುತ್ತದೆ, ಆತುರವನ್ನು ತಾಳುವುದಿಲ್ಲ. ಒಂದೇ ಬಿಂದುವಿಗೆ ಉರಿ ಹಿಡಿದರೆ, ಅಥವಾ ಕಾದದ್ದಕ್ಕೆ ನೀರು ಸುರಿದರೆ ಸೀಳುತ್ತದೆ. ಇಡೀ ಭಾಗವನ್ನು ನಿಧಾನವಾಗಿ ಕಾಯಿಸಿ, ತಾನಾಗಿ ಆರಲು ಬಿಡಿ. ಬೀಡು ಬಾಡಿಯಲ್ಲಿ ಕಚ್ಚಿದ ಹಿತ್ತಾಳೆ ಪ್ಲಗ್ಗಿಗೆ ಲೆಕ್ಕ ತಲೆಕೆಳಗು: ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಬಿಸಿಯಿರುವಾಗ ತಿರುಗಿಸಿದರೆ ಇನ್ನೂ ಬಿಗಿ. ಪ್ಲಗ್ಗನ್ನಷ್ಟೇ ಕಾಯಿಸಿ, ಪೂರ್ತಿ ಆರಲು ಬಿಟ್ಟು, ಆಮೇಲೆ ತಿರುಗಿಸಿ. ಕಾದಾಗ ಹೊರಗೆ ಹಿಗ್ಗಲು ಜಾಗವಿಲ್ಲದೆ ತನ್ನೊಳಗೇ ಅದುಮಿಕೊಂಡ ಹಿತ್ತಾಳೆ ಆರಿದಾಗ ಮೊದಲಿಗಿಂತ ಕುಗ್ಗಿರುತ್ತದೆ.

ಸತುವಿನ ಎರಕ, ಅಂದರೆ ಪಾಟ್ ಮೆಟಲ್, ಕರಗುವುದು 380ರಿಂದ 390 ಡಿಗ್ರಿಯ ಆಸುಪಾಸಿನಲ್ಲಿ, ಮತ್ತು ಕರಗುವ ಮುನ್ನ ಬಣ್ಣ ಬದಲಿಸಿ ಎಚ್ಚರಿಸುವುದೂ ಇಲ್ಲ. ಉರಿ ಬೇಡವೇ ಬೇಡ. ಹಾಟ್ ಏರ್ ಗನ್ನಿನಿಂದ 100ರಿಂದ 120 ಡಿಗ್ರಿಗೆ ತಂದರೆ ಸಾಕು. ಸತು ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ ಇಡೀ ಭಾಗ ಬಿಸಿಯಾದರೂ ತೂತು ಸ್ಕ್ರೂವಿಗಿಂತ ಬೇಗ ಅಗಲವಾಗುತ್ತದೆ. ಅಲ್ಯೂಮಿನಿಯಮ್ಮಿಗೂ ಇದೇ ಮಾತು. ಎರಕದ ಮೈಮೇಲೆ ಕೂದಲಿನಂಥ ಬಿರುಕಿನ ಜಾಲವಿದ್ದು, ಅಂಚು ಉಬ್ಬಿ ಬಾಗಿದ್ದರೆ ಅದು ತುಕ್ಕಲ್ಲ. ಸೀಸದಂಥ ಕಲ್ಮಶ ಬೆರೆತ ಹಳೆ ಸತು ಒಳಗಿಂದೊಳಗೇ ಕೊಳೆತಿದೆ. ಮುಟ್ಟಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಬಿಚ್ಚುವ ಮೊದಲೇ ಅಳತೆ ಮತ್ತು ಅಚ್ಚು ತೆಗೆದಿಟ್ಟುಕೊಳ್ಳಿ.

ಮುಳುಗಿಸಿ ಬಿಡಿಸುವುದು

ಕಳಚಿ ತೆಗೆಯಬಹುದಾದ ಉಕ್ಕಿನ ಅಥವಾ ಬೀಡಿನ ಜೋಡಣೆಗೆ ವಿದ್ಯುತ್ ಸ್ನಾನ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 20 ಲೀಟರ್ ನೀರು, ಸುಮಾರು 75 ಗ್ರಾಂ ವಾಷಿಂಗ್ ಸೋಡಾ. ಭಾಗಕ್ಕೆ 12 ವೋಲ್ಟ್ ಚಾರ್ಜರಿನ ಋಣ ತಂತಿ, ಬಕೆಟ್ಟಿನ ಸುತ್ತ ನಿಲ್ಲಿಸಿದ ಬೇಡದ ಸಾದಾ ಉಕ್ಕಿನ ಪಟ್ಟಿಗಳಿಗೆ ಧನ ತಂತಿ. ಎರಡೂ ಒಂದಕ್ಕೊಂದು ತಾಗಬಾರದು. ತಂತಿ ಅದಲುಬದಲಾದರೆ ಕರಗುವುದು ನಿಮ್ಮ ಪಂಪಿನ ಭಾಗವೇ. ಅಂಗೈಯಗಲದ ಭಾಗಕ್ಕೆ 2ರಿಂದ 5 ಆಂಪಿಯರ್, 12ರಿಂದ 24 ಗಂಟೆ. ಪಟ್ಟಿಗೆ ಎದುರಾದ ಮುಖ ಮಾತ್ರ ಚೆನ್ನಾಗಿ ಬಿಡುವುದರಿಂದ ನಡುವೆ ತಿರುಗಿಸಿ ಇಡಿ. ಸ್ಟೇನ್‌ಲೆಸ್ ಪಟ್ಟಿ ಬಳಸಿದರೆ ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸೇರುತ್ತದೆ, ಸೋಡಾದ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಏಳುತ್ತದೆ, ಎರಡೂ ಬೇಡ. ಜಲಜನಕ ಹೊರಡುವುದರಿಂದ ಕೆಲಸ ಬಯಲಲ್ಲೇ ಆಗಬೇಕು, ತಂತಿ ಬಿಚ್ಚುವ ಮೊದಲು ಚಾರ್ಜರ್ ಆರಿಸಬೇಕು. ಸ್ಪ್ರಿಂಗುಗಳನ್ನು ಇದರಲ್ಲಿ ಹಾಕಬೇಡಿ, ಜಲಜನಕ ಹೀರಿ ಪೆಡಸಾಗಿ ಮುರಿಯುತ್ತವೆ. ಅಲ್ಯೂಮಿನಿಯಂ, ಸತು ಇದರಲ್ಲಿ ಸವೆದೇ ಹೋಗುತ್ತವೆ.

ಅವಸರವಿಲ್ಲದವರಿಗೆ ಕಾಕಂಬಿ ಇದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಒಂದರಿಂದ ಎರಡು ವಾರ. ನಾತ ಸಹಿಸಬೇಕು, ಉಕ್ಕಿಗೆ ಮಾತ್ರ. ಸಿಟ್ರಿಕ್ ಆಮ್ಲ ಲೀಟರಿಗೆ 50 ಗ್ರಾಂ ಬೆರೆಸಿದರೆ ಕೆಲವೇ ಗಂಟೆಯಲ್ಲಿ ಕೆಲಸ ಆಗುತ್ತದೆ, ಎರಡೆರಡು ಗಂಟೆಗೊಮ್ಮೆ ನೋಡುತ್ತಿರಬೇಕು. ಮರೆತರೆ ಒಳ್ಳೆಯ ಲೋಹವನ್ನೂ ತಿನ್ನುತ್ತದೆ. ಯಾವುದರಿಂದ ತೆಗೆದರೂ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ ಎಣ್ಣೆ ಸವರಿ. ಹತ್ತು ನಿಮಿಷ ತಡವಾದರೂ ಹೊಸ ತುಕ್ಕಿನ ಕಿತ್ತಳೆ ಛಾಯೆ ಹತ್ತುತ್ತದೆ.

ಒಂದೊಂದು ಭಾಗಕ್ಕೆ ಒಂದೊಂದು ಪಟ್ಟು

ಬಾಗಿಲ ಬೀಗ: ಕೀಲಿ ತೂತಿನಲ್ಲಿ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಕೀಲಿಯನ್ನು ತಿರುಗಿಸದೆ ಬರೀ ಒಳಗೆ ಹೊರಗೆ ಆಡಿಸಿದರೆ ಒಳಗಿನ ತಗಡುಗಳು ಬಿಡುತ್ತವೆ. ಬಿಟ್ಟ ಮೇಲೆ ಎಣ್ಣೆ ತೊಳೆದು ಗ್ರಾಫೈಟ್ ಪುಡಿ ಹಾಕಿ.

ಹೊರತಗಡಿನ ಸ್ಕ್ರೂಗಳು: ಹಿಂದಿನ ನಟ್ಟು ತಗಡಿನ ಗೂಡಿನಲ್ಲಿ ಕೂತಿದ್ದು, ಸ್ಕ್ರೂ ಜೊತೆ ತಾನೂ ಸುತ್ತುತ್ತಿದ್ದರೆ ಒಳಗಿಂದ ಹಿಡಿಯಲು ದಾರಿ ಹುಡುಕಿ. ದಾರಿಯಿಲ್ಲದಿದ್ದರೆ ತಗಡಿಗೂ ಚೌಕಟ್ಟಿಗೂ ನಡುವೆ ಬರೀ ಹ್ಯಾಕ್ಸಾ ಬ್ಲೇಡ್ ತೂರಿಸಿ ಸ್ಕ್ರೂ ಕತ್ತರಿಸಿ. ತಗಡಿನ ಕಡೆಗೆ ತೆಳು ಪಟ್ಟಿ ಅಡ್ಡ ಇಟ್ಟರೆ ಗೀರು ಬೀಳುವುದಿಲ್ಲ. ಎನಾಮೆಲ್ ಫಲಕಗಳಿಗೆ ಬಿಸಿಯೂ ಏಟೂ ನಿಷಿದ್ಧ, ಅದು ಉಕ್ಕಿನ ಮೇಲೆ ಕರಗಿಸಿ ಕೂರಿಸಿದ ಗಾಜು. ಸ್ಕ್ರೂ ತಲೆಯನ್ನು ಹಿಂದಿನಿಂದಲೋ ಮೇಲಿನಿಂದಲೋ ಕೊರೆದು ತೆಗೆಯುವುದೊಂದೇ ಮಾರ್ಗ.

ಗಾಜಿನ ಸಿಲಿಂಡರ್: ಮೇಲಿನ ಕೆಳಗಿನ ಬಿಲ್ಲೆಗಳ ನಡುವೆ ಗಾಜನ್ನು ಅದುಮಿ ಹಿಡಿದಿರುವ ಸರಳುಗಳ ನಟ್ಟುಗಳೇ ಇಡೀ ಕೆಲಸದಲ್ಲಿ ಅತಿ ನಾಜೂಕು. ಒಂದನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋದರೆ ಒತ್ತಡ ಒಂದೇ ಕಡೆ ಬಿದ್ದು ಗಾಜು ಚಟ್ಟನೆ ಒಡೆಯುತ್ತದೆ. ಎದುರುಬದುರಿನ ನಟ್ಟುಗಳನ್ನು ಸರದಿಯಲ್ಲಿ ಎಂಟರಲ್ಲೊಂದು ಸುತ್ತಿನಂತೆ ಸಡಿಲಿಸಬೇಕು. ಒಂದು ನಟ್ಟು ಬರದಿದ್ದರೂ ಉಳಿದವನ್ನು ಮುಟ್ಟಬೇಡಿ. ಒಂದು ವಾರ ಎಣ್ಣೆ ಕೊಟ್ಟ ಮೇಲೂ ಬರದಿದ್ದರೆ ನಟ್ಟಿನ ಒಂದು ಮುಖವನ್ನು ಸಣ್ಣ ಅರದಿಂದ ಥ್ರೆಡ್ ಕಾಣುವವರೆಗೆ ತೆಳುವಾಗಿಸಿ. ಹಿಡಿತ ತಾನಾಗಿ ಕಳಚುತ್ತದೆ. ಸರಳು ತಿರುಗದಂತೆ ಅದನ್ನು ಇನ್ನೊಂದು ಕೈಯ ಇಕ್ಕಳದಲ್ಲಿ ಹಿಡಿದಿರಬೇಕು. ಗಾಜಿನ ಸುತ್ತ ದಪ್ಪ ಕಂಬಳಿ ಸುತ್ತಿ ಕಟ್ಟಿರಿ. ಗಾಜು ಕಾರ್ಕಿನ ಗ್ಯಾಸ್ಕೆಟ್ಟಿಗೆ ಅಂಟಿದ್ದರೆ ಎಳೆಯದೆ ತೆಳು ಬ್ಲೇಡನ್ನು ಗ್ಯಾಸ್ಕೆಟ್ಟಿನ ಮಧ್ಯದಲ್ಲಿ ಓಡಿಸಿ.

ಕೈಲಿವರ್ ಪಂಪ್: ಪಿಸ್ಟನ್ನಿನ ಚರ್ಮದ ಬಟ್ಟಲು ಒಣಗಿ ಸಿಲಿಂಡರಿಗೆ ಅಂಟಿರುತ್ತದೆ. ಲಿವರನ್ನು ಎಳೆದಾಡಿದರೆ ಲಿವರಿನ ಬೀಡು ಬುಡವೇ ಮುರಿಯುತ್ತದೆ. ಮೇಲಿಂದ ಎಣ್ಣೆ ತುಂಬಿ ಎರಡು ದಿನ ಬಿಟ್ಟು, ಪಿಸ್ಟನ್ನನ್ನು ಮೊದಲು ಕೆಳಕ್ಕೆ, ಮರದ ತುಂಡು ಅಡ್ಡ ಇಟ್ಟು ತಟ್ಟಿ. ಶಾಫ್ಟಿನ ಪ್ಯಾಕಿಂಗ್ ನಟ್ಟು ಬಿಟ್ಟ ಮೇಲೂ ಶಾಫ್ಟ್ ಬರದಿದ್ದರೆ ಓರೆ ಪಿನ್ ಹುಡುಕಿ. ಇದರ ಓರೆ ಒಂದು ಅಡಿ ಉದ್ದಕ್ಕೆ ಕಾಲಿಂಚು, ಅಂದರೆ ಒಂದಿಂಚು ಉದ್ದಕ್ಕೆ ಎರಡು ತುದಿಗಳ ವ್ಯತ್ಯಾಸ ಅರ್ಧ ಮಿ.ಮೀ. ಮಾತ್ರ; ಕಣ್ಣಿಗೆ ತಿಳಿಯದು, ಕ್ಯಾಲಿಪರ್ ಇಟ್ಟು ಅಳೆಯಿರಿ. ಸಣ್ಣ ತುದಿಯಿಂದ ಹೊಡೆಯಬೇಕು. ತಪ್ಪು ಕಡೆಯಿಂದ ಹೊಡೆದ ಪ್ರತಿ ಏಟೂ ಪಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೊಡೆಯುವಾಗ ಶಾಫ್ಟಿನ ಅಡಿಗೆ ಭಾರವಾದ ಕಬ್ಬಿಣದ ತುಂಡು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಏಟೆಲ್ಲ ಶಾಫ್ಟ್ ಬಾಗಿಸಲು ಹೋಗುತ್ತದೆ.

ಮೋಟಾರಿನ ಪಂಪ್ ಘಟಕ: ರೋಟರಿನ ಅಲಗುಗಳು ಸೀಳಿನಲ್ಲಿ ಅಂಟಿರುತ್ತವೆ. ಮುಚ್ಚಳ ತೆಗೆದು, ಅಸಿಟೋನ್ ಅಥವಾ ಕಾರ್ಬುರೇಟರ್ ಕ್ಲೀನರಿನಿಂದ ಅಂಟು ಕರಗಿಸಿ, ರಾಟೆಯನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ. ಪಕ್ಕದಲ್ಲಿರುವ ದೊಡ್ಡ ಟೊಪ್ಪಿಯ ಹಿಂದೆ ಒತ್ತಡ ಬಿಡುವ ಕವಾಟದ ಸ್ಪ್ರಿಂಗ್ ಅದುಮಿ ಕೂತಿದೆ; ಕೊನೆಯ ಎರಡು ಸುತ್ತು ಬಿಚ್ಚುವಾಗ ಮುಖ ದೂರವಿರಲಿ, ಅಂಗೈ ಒತ್ತಿರಲಿ. ಮೀಟರಿಗೂ ಕರಗಿಸುವ ದ್ರವವೇ ಮದ್ದು, ಅದಕ್ಕೆ ಬಿಸಿ ತೋರಿಸಬೇಡಿ.

ಕಂಪ್ಯೂಟರ್: ವೀಡರ್-ರೂಟ್ ಕಂಪನಿಯ ಅಂಕಿಯಂತ್ರದಲ್ಲಿ ಸತುವಿನ ಎರಕದ ಗೇರುಗಳಿವೆ. ಸೊನ್ನೆ ಮಾಡುವ ಕೈಹಿಡಿಯನ್ನು ಬಲವಂತವಾಗಿ ತಿರುಗಿಸಿದರೆ ಹಲ್ಲು ಉದುರುತ್ತದೆ. ಇಲ್ಲಿ ಶತ್ರು ಬಹುತೇಕ ಒಣಗಿದ ಗ್ರೀಸು. ಸೀಮೆಎಣ್ಣೆ ಅಥವಾ ಮಿನರಲ್ ಟರ್ಪೆಂಟೈನನ್ನು ಸಣ್ಣ ಬ್ರಷ್ಷಿನಲ್ಲಿ ಶಾಫ್ಟಿನ ತುದಿಗಳಿಗೂ ಗೇರುಗಳಿಗೂ ಹಚ್ಚಿ, ಒಂದು ಗಂಟೆ ಬಿಟ್ಟು, ಗೇರನ್ನು ಬೆರಳಿನಿಂದ ಒಂದು ಹಲ್ಲಿನಷ್ಟು ಅಲುಗಿಸಿ; ಮತ್ತೆ ಹಚ್ಚಿ. ಒಂದು ದಿನದಲ್ಲಿ ಬಿಡಲಿಲ್ಲವೆಂದು ಬೇಸರ ಬೇಡ. ಅಸಿಟೋನ್, ಥಿನ್ನರ್, ಕಾರ್ಬುರೇಟರ್ ಕ್ಲೀನರ್ ಚಕ್ರದ ಅಂಕಿಗಳನ್ನು ಅಳಿಸಿಹಾಕುತ್ತವೆ, ಒಂದು ಹನಿಯೂ ಬೀಳದಿರಲಿ. ಯಾವ ಗೇರು ಜಾಮ್ ಆಗಿದೆ ಎಂದು ತಿಳಿಯಲು ಒಂದು ತುದಿಯಿಂದ ಒಂದೊಂದೇ ಶಾಫ್ಟನ್ನು ಪರೀಕ್ಷಿಸುತ್ತಾ ಬನ್ನಿ. ಸಾಮಾನ್ಯವಾಗಿ ಒಂದೆರಡು ಶಾಫ್ಟ್ ಕಚ್ಚಿದ್ದಕ್ಕೆ ಇಡೀ ಯಂತ್ರ ನಿಂತಿರುತ್ತದೆ.

ಪೈಪಿನ ಯೂನಿಯನ್‌ಗಳಿಗೆ (ಎರಡು ಪೈಪು ಕೂಡಿಸುವ ಬಿಚ್ಚಬಹುದಾದ ಜೋಡಣೆಗಳಿಗೆ) ಎರಡು ಪಾನಾ ಬೇಕು, ಒಂದು ತಿರುಗಿಸಲು, ಇನ್ನೊಂದು ಎದುರು ಹಿಡಿಯಲು. ಇಲ್ಲದಿದ್ದರೆ ತಿರುಚು ನೇರ ಮೀಟರಿನ ಕಿವಿಗೆ ಹೋಗುತ್ತದೆ. ನೊಜಲ್ಲನ್ನು ವೈಸಿನಲ್ಲಿ ಮರ ಅಥವಾ ಅಲ್ಯೂಮಿನಿಯಂ ತುಂಡುಗಳ ನಡುವೆ ಹಿಡಿಯಿರಿ.

ಮುರಿದೇ ಹೋದರೆ

ತುಂಡು ಮೇಲಕ್ಕೆ ಉಳಿದಿದ್ದರೆ ಅದರ ಮೇಲೆ ನಟ್ಟು ಇಟ್ಟು ಒಳಗಿಂದ ವೆಲ್ಡ್ ಮಾಡಿ. ಆ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಇದು ಉಕ್ಕು ಮತ್ತು ಬೀಡಿನಲ್ಲಿ ಮಾತ್ರ. ಮಟ್ಟಸವಾಗಿ ಮುರಿದಿದ್ದರೆ ತುದಿಯನ್ನು ಅರದಿಂದ ಸಮ ಮಾಡಿ, ನಡುವಿಗೆ ಗುರುತು ಕುಟ್ಟಿ, ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ಕೊರೆಯಿರಿ. ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ಹೊರಬರುತ್ತದೆ. ಇಂಚಿಗೆ 20 ಸುತ್ತಿನ ಕಾಲಿಂಚು ಸ್ಕ್ರೂವಿಗೆ 3, ಆಮೇಲೆ 4, ಕೊನೆಗೆ 4.8 ಮಿ.ಮೀ. ಅಷ್ಟರಲ್ಲಿ ಉಳಿಯುವುದು ಸುರುಳಿಯಂಥ ತೆಳು ಥ್ರೆಡ್, ಸೂಜಿಯಿಂದ ಎತ್ತಿ ಎಳೆಯಬಹುದು. ಹೊಸದಾಗಿ ಟ್ಯಾಪ್ ಹೊಡೆದು ಥ್ರೆಡ್ ಕೊರೆಯಬೇಕಾದರೆ 10-24 ಸ್ಕ್ರೂವಿಗೆ (10ನೇ ನಂಬರಿನ, ಇಂಚಿಗೆ 24 ಸುತ್ತಿನದಕ್ಕೆ) 3.8, ಕಾಲಿಂಚಿಗೆ 5.1, 5/16 ಇಂಚಿನ 18 ಸುತ್ತಿನದಕ್ಕೆ 6.5 ಮಿ.ಮೀ. ತೂತು. ಕೊರೆದ ತೂತಿಗೆ ಕಚ್ಚಿಸಿ ತುಂಡನ್ನು ತಿರುಗಿಸಿ ತೆಗೆಯುವ ಸ್ಕ್ರೂ ಎಕ್ಸ್‌ಟ್ರಾಕ್ಟರನ್ನು ಬಿಗಿಯಾಗಿ ಕಚ್ಚಿದ ಸಣ್ಣ ಸ್ಕ್ರೂಗೆ ಹಾಕಬೇಡಿ. ಅದು ಮುರಿದರೆ ಆ ಗಟ್ಟಿ ಉಕ್ಕಿಗೆ ಯಾವ ಸಾಮಾನ್ಯ ಡ್ರಿಲ್ಲೂ ಇಳಿಯುವುದಿಲ್ಲ.

ಹಿತ್ತಾಳೆಯಲ್ಲಿ ಮುರಿದ ಉಕ್ಕಿನ ಸ್ಕ್ರೂಗೆ ಗಡಿಯಾರ ರಿಪೇರಿಯವರ ಉಪಾಯವೊಂದಿದೆ: ಪಟಿಕ. ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಪಟಿಕ ಕರಗಿಸಿ, ಗಾಜಿನ ಪಾತ್ರೆಯಲ್ಲಿ ಭಾಗವನ್ನು ಮುಳುಗಿಸಿ ಬಿಸಿಯಾಗಿಯೇ ಇಡಿ. ಗಂಟೆಗಳಿಂದ ದಿನಗಳವರೆಗೆ ಹಿಡಿಯಬಹುದು. ಉಕ್ಕು ಕಪ್ಪು ಪುಡಿಯಾಗಿ ಕರಗಿಹೋಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಬೇಕಾದ ಉಕ್ಕಿನ ಭಾಗ ಒಂದೂ ಅದರ ಮೇಲಿರಬಾರದು, ಸತುವಿನ ಎರಕವಂತೂ ಸಲ್ಲದು.

ಮತ್ತೆ ಜೋಡಿಸುವಾಗ

ಥ್ರೆಡ್ ಅಳತೆ ಊಹಿಸಬೇಡಿ. ಅಮೆರಿಕದ ಪಂಪುಗಳ ಥ್ರೆಡ್ 60 ಡಿಗ್ರಿ ಕೋನದ್ದು, ಬ್ರಿಟಿಷ್ ಪಂಪುಗಳ ವಿಟ್‌ವರ್ತ್ ಥ್ರೆಡ್ 55 ಡಿಗ್ರಿಯದ್ದು. ಕಾಲಿಂಚಿನಲ್ಲಿ ಎರಡಕ್ಕೂ ಇಂಚಿಗೆ 20 ಸುತ್ತೇ ಇರುವುದರಿಂದ ಒಂದರಲ್ಲೊಂದು ತೂರಿಕೊಳ್ಳುತ್ತದೆ, ಆದರೆ ಮೈಯೆಲ್ಲ ಕೂರುವುದಿಲ್ಲ. ಅರ್ಧ ಇಂಚಿನಲ್ಲಿ ಅಮೆರಿಕದ್ದು ಇಂಚಿಗೆ 13 ಸುತ್ತು, ಬ್ರಿಟಿಷರದು 12, ಅಲ್ಲಿ ಬೇಗ ಗೊತ್ತಾಗುತ್ತದೆ. ಥ್ರೆಡ್ ಅಳೆಯುವ ಪಿಚ್ ಗೇಜ್ ಇಟ್ಟು ನೋಡಿ, ಚೀಲಗಳಲ್ಲಿ ಹಾಕಿ ಹೆಸರು ಬರೆಯಿರಿ.

ಉಕ್ಕಿಗೆ ಉಕ್ಕು ಕೂರುವಲ್ಲಿ ಮುಂದೆ ಕಚ್ಚದಂತೆ ತಡೆಯುವ ಯಾವುದೇ ಆಂಟಿ-ಸೀಜ್ ಪೇಸ್ಟ್ ತೆಳ್ಳಗೆ ಹಚ್ಚಿ. ಅಲ್ಯೂಮಿನಿಯಂ ಅಥವಾ ಸತುವಿನಲ್ಲಿ ಉಕ್ಕಿನ ಸ್ಕ್ರೂ ಕೂರುವಲ್ಲಿ ತಾಮ್ರದ್ದೂ ಗ್ರಾಫೈಟಿನದೂ ಬೇಡ, ಅವು ಸವೆತವನ್ನು ಹೆಚ್ಚಿಸುತ್ತವೆ. ಅಲ್ಯೂಮಿನಿಯಂ ಆಧಾರದ್ದು ತೆಗೆದುಕೊಳ್ಳಿ, ತಲೆಯ ಅಡಿಗೆ ನೈಲಾನ್ ವಾಷರ್ ಹಾಕಿ. ಪೇಸ್ಟ್ ಹಚ್ಚಿದ ಥ್ರೆಡ್ ಜಾರುವುದರಿಂದ ಅದೇ ಕೈಬಲಕ್ಕೆ ಹೆಚ್ಚು ಬಿಗಿಯುತ್ತದೆ, ಸತುವಿನಲ್ಲಿ ಕೈ ಹಗುರವಿರಲಿ. ಚರ್ಮದ ಬಟ್ಟಲುಗಳನ್ನು ನೀಟ್ಸ್‌ಫೂಟ್ ಎಣ್ಣೆಯಲ್ಲಿ (ದನದ ಕಾಲಿನ ಮೂಳೆಯಿಂದ ತೆಗೆದ, ಚರ್ಮ ಮೆದುವಾಗಿಸುವ ಎಣ್ಣೆ) ಒಂದು ರಾತ್ರಿ ನೆನೆಸಿ ಕೂರಿಸಿ. ಕಂಪ್ಯೂಟರಿನ ಶಾಫ್ಟ್ ತುದಿಗಳಿಗೆ ಗಡಿಯಾರದ ಎಣ್ಣೆ ಸೂಜಿಯ ತುದಿಯಿಂದ ಒಂದೊಂದು ಹನಿ ಸಾಕು. ಸ್ಪ್ರೇ ಮಾಡಿದರೆ ಧೂಳು ಹಿಡಿದು ಮತ್ತೆ ಅದೇ ಅಂಟು.